ಬಂಡೂರು ಕುರಿಯ ತೊಗಲು ಮತ್ತು ಐದು ಬೆರಳಿನ ಹೊಲಿಗೆ

ಮಳವಳ್ಳಿ ತಾಲ್ಲೂಕಿನ ಬಂಡೂರು ದೊಡ್ಡ ಊರೇನಲ್ಲ. ಆದರೆ ಕುರಿಮಾಂಸದ ರುಚಿ ಬಲ್ಲವರಲ್ಲಿ ಆ ಹೆಸರು ಕೇಳದವರು ವಿರಳ. ಗಿಡ್ಡ ಕಾಲು, ಅಗಲವಾದ ಬೆನ್ನು, ಕೊಂಬಿಲ್ಲದ ತಲೆ, ಬಿಳಿಯ ಮೈ, ಕೆಲವಕ್ಕೆ ಮುಖದ ಮೇಲೆ ತೆಳುಕಂದು ಬಣ್ಣ, ಹಿಂದಿನಿಂದ ನೋಡಿದರೆ ತಲೆಕೆಳಗು ಮಾಡಿದ ‘ಯು’ ಅಕ್ಷರದಂತೆ ತುಂಬಿಕೊಂಡ ತೊಡೆಗಳು. ಇದು ಬಂಡೂರು ಕುರಿಯ ಲಕ್ಷಣ. ನೆರೆಯ ಬನ್ನೂರಿನ ಹೆಸರಿನಿಂದ ಬನ್ನೂರು ಕುರಿ ಎಂದೂ ಕರೆಯುವುದುಂಟು. ಪಶುಸಂಗೋಪನಾ ಇಲಾಖೆಯ ದಾಖಲೆಗಳಲ್ಲಿ ಇದೇ ‘ಮಂಡ್ಯ ತಳಿ’. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯನ್ನು ಉಳಿಸಿ ಬೆಳೆಸುವುದಕ್ಕೆಂದೇ ಸರ್ಕಾರದ ಕುರಿ ಸಂವರ್ಧನಾ ಕ್ಷೇತ್ರವೊಂದಿದೆ. ಟಗರಿನ ಬೆಲೆ, ಮರಿಯ ತೂಕ, ಮಾಂಸದ ಮೃದುತ್ವ, ಇವುಗಳ ಬಗ್ಗೆ ಸಂತೆಯಲ್ಲಿ ಗಂಟೆಗಟ್ಟಲೆ ಮಾತು ನಡೆಯುತ್ತದೆ. ತೊಗಲಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಅದಕ್ಕೆ ಕಾರಣವೂ ಇದೆ. ಬಂಡೂರು ಕುರಿಯ ಮೈಮೇಲಿರುವುದು ಉಣ್ಣೆಗಿಂತ ಹೆಚ್ಚಾಗಿ ಒರಟು ಕೂದಲು. ಚಳ್ಳಕೆರೆ, ಬಳ್ಳಾರಿ ಕಡೆಯ ಕರಿಕುರಿಯಂತೆ ಅದರಿಂದ ಕಂಬಳಿ ನೇಯಲಾಗದು. ಕಂಬಳಿಗೆ ಬಾರದ ಕುರಿಯ ಹೊದಿಕೆ ಯಾತಕ್ಕೂ ಬಾರದು ಎಂಬ ತೀರ್ಮಾನಕ್ಕೆ ಸಾಕಿದವನು ಬರುವುದು ಸಹಜ. ಚರ್ಮದ ಶಾಸ್ತ್ರ ಹೇಳುವುದು ಮಾತ್ರ ಇದಕ್ಕೆ ತದ್ವಿರುದ್ಧ. ಉಣ್ಣೆ ದಟ್ಟವಾಗಿ ಬೆಳೆಯುವ ಕುರಿಯ ತೊಗಲಿನಲ್ಲಿ ರೋಮಕೂಪಗಳೂ ಜಿಡ್ಡಿನ ಗ್ರಂಥಿಗಳೂ ಕಿಕ್ಕಿರಿದಿರುತ್ತವೆ. ಹದ ಮಾಡಿದ ಮೇಲೆ ಅಂಥ ಚರ್ಮದ ಮೇಲ್ಪದರ ಸಡಿಲವಾಗಿ ಕೆಳಪದರದಿಂದ ಬಿಟ್ಟುಕೊಳ್ಳುತ್ತದೆ. ಕೂದಲಿನ ಕುರಿಯ ತೊಗಲಾದರೋ ಒತ್ತಾದ ನಾರಿನದು. ತೆಳ್ಳಗೆ ಮಾಡಿದರೂ ಹರಿಯದು, ಎಳೆದರೆ ಹಿಗ್ಗುತ್ತದೆ. ಜಗತ್ತಿನ ಒಳ್ಳೆಯ ಕೈಗವಸುಗಳಿಗೆ ಬೇಕಾಗಿರುವುದು ಇಂಥ ಚರ್ಮವೇ. ಇಥಿಯೋಪಿಯಾದಂಥ ಬಿಸಿಲು ನಾಡಿನ ಕೂದಲು ಕುರಿಯ ಚರ್ಮಕ್ಕೆ ಕೈಗವಸು ಮಾಡುವವರಲ್ಲಿ ಇರುವ ಬೇಡಿಕೆ ಈ ಕಾರಣದ್ದು. ಗಾಲ್ಫ್ ಆಟಗಾರನ ಎಡಗೈಯನ್ನು ಅಂಟಿಕೊಂಡಿರುವ ಬಿಳಿಯ ತೆಳು ಗವಸು ಈ ಜಾತಿಯ ಚರ್ಮದ್ದೇ.

ಹಾಗೆಂದು ಬಂಡೂರು ಕುರಿಯ ಚರ್ಮಕ್ಕೆ ಪ್ರತ್ಯೇಕ ಹೆಸರಾಗಲಿ ಮಾರುಕಟ್ಟೆಯಾಗಲಿ ಬಂದಿಲ್ಲ. ಕಟುಕನ ಅಂಗಡಿಯಿಂದ ಹೊರಟ ತೊಗಲು ಬೇರೆ ಊರುಗಳ ತೊಗಲಿನೊಡನೆ ಬೆರೆತು, ಉಪ್ಪು ಮೆತ್ತಿಸಿಕೊಂಡು, ವ್ಯಾಪಾರಿಯ ಕೈಯಿಂದ ಕೈಗೆ ದಾಟಿ ಟ್ಯಾನರಿ ಸೇರುತ್ತದೆ. ಅಲ್ಲಿ ಅದು ಹುಟ್ಟಿದ ಊರು ಯಾವುದೆಂದು ಕೇಳುವವರಿಲ್ಲ. ಅಲ್ಲಿಗೆ ತಲುಪುವುದರೊಳಗೆ ಅರ್ಧ ಮೌಲ್ಯ ಕಳೆದಿರುವುದೂ ಉಂಟು. ಬೇಲಿಯ ಜಾಲಿಮುಳ್ಳು ಗೀರಿದ್ದು, ಉಣ್ಣೆ ಹುಳು ಕಚ್ಚಿದ್ದು, ಸಿಡುಬಿನ ಕಲೆ, ಗುರುತಿಗೆಂದು ಹಾಕಿದ ಬರೆ, ಇವೆಲ್ಲ ಹದ ಮಾಡಿದ ಮೇಲೆ ಎದ್ದು ಕಾಣುತ್ತವೆ. ಇವಕ್ಕಿಂತ ದೊಡ್ಡ ಶತ್ರು ಸುಲಿಯುವವನ ಅವಸರದ ಚಾಕು. ಹೊಟ್ಟೆಯ ನಡುವೆ ಒಮ್ಮೆ ಸೀಳಿದ ಮೇಲೆ ಚಾಕುವನ್ನು ಬದಿಗಿಟ್ಟು ಮುಷ್ಟಿಯಿಂದಲೇ ಒತ್ತಿ ಒತ್ತಿ ತೊಗಲನ್ನು ಬಿಡಿಸುವುದು ಸರಿಯಾದ ಕ್ರಮ. ಚಾಕುವಿನ ಮೊನೆ ಒಳಗಿನಿಂದ ಒಂದು ಕಡೆ ತಾಗಿದರೂ ಸಾಕು, ಕೈಗವಸು ಕತ್ತರಿಸುವಾಗ ಅದೇ ಜಾಗದಲ್ಲಿ ತೂತು ಬಾಯ್ದೆರೆಯುತ್ತದೆ. ಸುಲಿದ ಕೆಲವೇ ಗಂಟೆಗಳಲ್ಲಿ ತೊಗಲಿನ ತೂಕದ ಅರ್ಧಕ್ಕೆ ಸಮೀಪದಷ್ಟು ಉಪ್ಪನ್ನು ಒಳಮೈಗೆ ತಿಕ್ಕದಿದ್ದರೆ ಕೊಳೆತ ಶುರು. ಇತ್ತೀಚಿನ ವರ್ಷಗಳಲ್ಲಂತೂ ಕುರಿ ತೊಗಲಿನ ಬೆಲೆ ಪಾತಾಳ ಕಂಡಿದೆ; ಬಕ್ರೀದ್ ಮುಗಿದ ಮರುದಿನ ಕೊಳ್ಳುವವರಿಲ್ಲದೆ ತೊಗಲು ರಾಶಿ ಬಿದ್ದ ಸುದ್ದಿ ನಾಡಿನ ಹಲವು ಊರುಗಳಿಂದ ಬಂದಿದೆ. ಉಪ್ಪಿನ ಖರ್ಚೂ ಹುಟ್ಟದ ಮಾಲನ್ನು ಜೋಪಾನ ಮಾಡು ಎಂದು ಯಾರಿಗೆ ಹೇಳುವುದು?

ತೊಗಲು ಬೇರೆ, ಚರ್ಮ ಬೇರೆ. ಆಡುಮಾತಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವಾದರೂ ಕಸುಬಿನವರಿಗೆ ಈ ವ್ಯತ್ಯಾಸ ಮುಖ್ಯ. ಮಂಡ್ಯ ಸೀಮೆಯ ತಮಟೆಗೆ ಬಿಗಿದಿರುವುದು ಹಸಿ ತೊಗಲನ್ನು ಒಣಗಿಸಿದ್ದು. ಅದಕ್ಕೇ ಅದು ಹಲಗೆಯಂತೆ ಸೆಟೆದು ನಿಲ್ಲುತ್ತದೆ, ಬೆಂಕಿಯ ಮುಂದೆ ಹಿಡಿದರೆ ಇನ್ನಷ್ಟು ಬಿಗಿದು ನಾದ ಏರುತ್ತದೆ, ತೇವ ತಾಗಿದರೆ ಸಪ್ಪಗಾಗುತ್ತದೆ. ತೊಗಲು ಗೊಂಬೆಯದೂ ಇದೇ ಬಗೆ. ಕೆರೆದು ಕೆರೆದು ದೀಪದ ಬೆಳಕು ಹಾಯುವಷ್ಟು ತೆಳುವಾಗಿಸಿದ ಆಡಿನ ತೊಗಲು ಅದು. ಎಕ್ಕಡದ ಅಟ್ಟೆ, ಎತ್ತಿನ ಬಾರು, ಕಪಿಲೆಯ ಬಾನಿ ಇವುಗಳಿಗೆ ಹಸಿ ತೊಗಲು ಸಾಲದು. ನೀರಿನಲ್ಲಿ ಮುಳುಗಿದರೂ ಕೊಳೆಯಬಾರದು, ಒಣಗಿದರೂ ಬಗ್ಗಬೇಕು. ಆ ಗುಣ ಬರಿಸುವುದೇ ಹದ ಮಾಡುವ ವಿದ್ಯೆ.

ಹಳೆಯ ಮೈಸೂರು ಸೀಮೆಯಲ್ಲಿ ಆ ಹದ ಬರುತ್ತಿದ್ದುದು ಬಯಲಿನಲ್ಲಿ ತಾನೇ ತಾನಾಗಿ ಬೆಳೆಯುವ ತಂಗಡಿ ಗಿಡದ ತೊಗಟೆಯಿಂದ. ಆವರಿಕೆ ಎಂದೂ ಹೆಸರಿರುವ, ಹಳದಿ ಹೂವಿನ ಈ ಗಿಡವನ್ನು ಹಳ್ಳಿಯ ಕಡೆ ಹೋದವರೆಲ್ಲ ಕಂಡಿರುತ್ತಾರೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಮಾಂಸದ ಚೂರುಗಳನ್ನು ತೆಗೆದು, ಕುಟ್ಟಿದ ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ಅದ್ದಿಡುತ್ತಿದ್ದರು. ಕೊನೆಗೆ ಅಳಲೆಕಾಯಿಯ ನೀರು ಕುಡಿಸುವುದೂ ಇತ್ತು. ತೊಗಟೆಯ ಒಗರು ತೊಗಲಿನ ನಾರಿನೊಳಗೆ ಇಳಿದು ಅದನ್ನು ಕೊಳೆಯದಂತೆ ಕಟ್ಟಿಹಾಕುತ್ತದೆ. ದಕ್ಷಿಣ ಭಾರತದಿಂದ ಹೀಗೆ ಹದಗೊಂಡು ಇಂಗ್ಲೆಂಡಿಗೆ ಹೋಗುತ್ತಿದ್ದ ಚರ್ಮಕ್ಕೆ ಒಂದು ಕಾಲಕ್ಕೆ ಭಾರಿ ಬೇಡಿಕೆಯಿತ್ತು. ಇತ್ತ ಊರೊಳಗೆ, ವರ್ಷಕ್ಕಿಷ್ಟು ಕಾಳಿಗೆ ರೈತನಿಗೆ ಬಾರು, ಬಾನಿ, ಎಕ್ಕಡ ಒದಗಿಸುವ ಕರಾರು ನಡೆದುಬಂದಿತ್ತು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಗಳತ್ತ ಹರಿಯಿತು. ನಾಲೆ ಬಂದ ಕಡೆ ಕಪಿಲೆ ಬಾವಿಗೆ ಕೆಲಸ ಕಡಿಮೆಯಾಯಿತು. ಬಾವಿ ಉಳಿದ ಕಡೆಗೆ ಪಂಪ್‌ಸೆಟ್ ಬಂತು. ಕಬ್ಬು, ಭತ್ತದ ಹಸಿರನ್ನು ಹೊಗಳುವಾಗ ಬಾನಿ ಹೊಲಿಯುತ್ತಿದ್ದವನ ಕೆಲಸ ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆ ಕೆಲಸ ಯಾರದಾಗಿತ್ತು ಎಂಬುದನ್ನು ಬಿಟ್ಟು ಚರ್ಮದ ಮಾತು ಆಡುವುದು ಅಪ್ರಾಮಾಣಿಕವಾದೀತು. ಮಾದಿಗ, ಸಮಗಾರ, ಡೋಹರ, ಮೋಚಿ ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಿಂದ ಗುರುತಿಸಲ್ಪಟ್ಟ ಸಮುದಾಯಗಳು ಇಡೀ ಊರಿನ ಕಾಲಿಗೆ ಮೆಟ್ಟು ಒದಗಿಸಿ, ತಾವು ಮಾತ್ರ ಊರ ಹೊರಗೆ ಉಳಿದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯನವರು ಬಸವಣ್ಣನವರ ಸಮಕ್ಕೆ ಕುಳಿತ ಕಥೆಯನ್ನು ಕನ್ನಡಿಗರು ಹೆಮ್ಮೆಯಿಂದ ಹೇಳುತ್ತಾರೆ. ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಅದೇ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ತಂದುಕೊಂಡಾಗ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತೆಂಬ ಕಥೆಯ ಉತ್ತರಾರ್ಧವನ್ನು ಅಷ್ಟು ಗಟ್ಟಿಯಾಗಿ ಹೇಳುವವರು ಕಡಿಮೆ. 1927ರ ಮಹಾಡ್ ಸಮಾವೇಶದಲ್ಲಿ ಡಾ. ಅಂಬೇಡ್ಕರ್ ಅವರು ಸತ್ತ ದನದ ಮಾಂಸವನ್ನೂ, ಜಾತಿಯ ಹೆಸರಿನಲ್ಲಿ ಹೇರಿದ ಹೀನ ಕೆಲಸಗಳನ್ನೂ ಬಿಡಿ ಎಂದು ಕರೆ ಕೊಟ್ಟ ಮೇಲೆ, ಓದಿದ ಮಕ್ಕಳು ಚರ್ಮದ ಕಡೆ ತಿರುಗಿ ನೋಡದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಕಸುಬು ಹೋಯಿತೆಂದು ಹಲುಬುವ ಹೊರಗಿನವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹದ ಮಾಡುವ ವಿದ್ಯೆಯೇ ಬದಲಾಯಿತು. ಅಮೆರಿಕದ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಕ್ರೋಮಿಯಂ ಲವಣದಿಂದ ಚರ್ಮ ಹದಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ಮದ್ರಾಸಿನಲ್ಲಿ ಪ್ರಯೋಗಕ್ಕೆ ತಂದವರು ಆಲ್ಫ್ರೆಡ್ ಚಾಟರ್ಟನ್. ಸೋಜಿಗವೆಂದರೆ, ಅವರು ಕ್ರೋಮ್ ಚರ್ಮವನ್ನು ಬಳಸಲು ಹೊರಟದ್ದು ಸಾಹೇಬರ ಬೂಟಿಗಲ್ಲ, ರೈತನ ಬಾವಿಯ ಬಾನಿಗೆ! ಸದಾ ನೀರಿನಲ್ಲಿ ನೆನೆಯುವ ಬಾನಿಗೆ ತೊಗಟೆಯ ಚರ್ಮಕ್ಕಿಂತ ಕ್ರೋಮ್ ಚರ್ಮ ಹೆಚ್ಚು ಬಾಳಿಕೆಯದು ಎಂಬುದು ಅವರ ಲೆಕ್ಕ. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಮೈಸೂರಿನ ಗಂಧದೆಣ್ಣೆ ಉದ್ಯಮದ ಆರಂಭದೊಡನೆಯೂ ಅವರ ಹೆಸರು ಸೇರಿಕೊಂಡಿದೆ. ಕ್ರೋಮ್ ಹದ ಸರಿಯಾಗಿದೆಯೇ ಎಂದು ನೋಡಲು ಟ್ಯಾನರಿಗಳಲ್ಲಿ ಒಂದು ಸರಳ ಪರೀಕ್ಷೆ ಉಂಟು. ಚರ್ಮದ ಒಂದು ಚೂರನ್ನು ಕುದಿಯುವ ನೀರಿಗೆ ಹಾಕುವುದು. ಸುರುಟಿಕೊಂಡರೆ ಹದ ಸಾಲದು. ಹಾಗೇ ಉಳಿದರೆ ಗೆದ್ದಂತೆ. ತಂಗಡಿ ತೊಗಟೆಯ ಚರ್ಮ ಈ ಪರೀಕ್ಷೆಯಲ್ಲಿ ನಿಲ್ಲಲಾರದು. ಬೆಂಕಿಯೊಡನೆ ಕೆಲಸ ಮಾಡುವವರ ಕೈಗವಸು ಕ್ರೋಮ್ ಚರ್ಮದ್ದೇ ಆಗಿರುವುದಕ್ಕೆ ಇದು ಕಾರಣ.

ಕೈಗವಸು ನಮ್ಮ ಉಡುಪಲ್ಲ ಎನ್ನುವವರಿದ್ದಾರೆ. ಉಡುಪಲ್ಲ, ನಿಜ. ಆದರೆ ಬೆರಳನ್ನು ತೊಗಲಿನಿಂದ ಕಾಯುವ ಯೋಚನೆ ನಮ್ಮಲ್ಲಿ ಬಹಳ ಹಳೆಯದು. ರಾಮಾಯಣ, ಮಹಾಭಾರತಗಳಲ್ಲಿ ಬಿಲ್ಲುಗಾರರು ‘ಗೋಧಾಂಗುಲಿತ್ರಾಣ’ ಕಟ್ಟಿಕೊಂಡು ಹೊರಡುತ್ತಾರೆ. ಗೋಧಾ ಎಂದರೆ ಉಡ. ಉಡದ ತೊಗಲಿನ ಬೆರಳು ರಕ್ಷೆ ಅದು. ಹೆದೆಯ ಏಟಿನಿಂದ ಬೆರಳನ್ನು ಉಳಿಸಿಕೊಳ್ಳುವ ಸಾಧನ. ಯೂರೋಪಿನಲ್ಲಿ ಕೈಗವಸು ಚಳಿಯ ಉಡುಪಾಗಿ, ಮತ್ತೆ ಗೌರವದ ಉಡುಪಾಗಿ ಬೆಳೆಯಿತು. ಲಂಡನ್ನಿನ ಗವಸುಗಾರರ ಕೂಟಕ್ಕೆ 1349ರಷ್ಟು ಹಿಂದೆಯೇ ತಮ್ಮದೇ ಕಟ್ಟಳೆಗಳಿದ್ದವು. ಶೇಕ್ಸ್‌ಪಿಯರನ ತಂದೆ ಜಾನ್ ಕೂಡ ಸ್ಟ್ರಾಟ್‌ಫರ್ಡಿನಲ್ಲಿ ಬಿಳಿಚರ್ಮ ಹದ ಮಾಡಿ ಕೈಗವಸು ಹೊಲಿಯುತ್ತಿದ್ದವನು. ಆ ಬಿಳಿಚರ್ಮದ ಹದಕ್ಕೆ ಬಳಸುತ್ತಿದ್ದುದು ಪಟಿಕ ಮತ್ತು ಉಪ್ಪು. ಹಾಲಿನಂತೆ ಬಿಳಿ, ರೇಷ್ಮೆಯಂತೆ ನಯ. ಆದರೆ ಮಳೆಗೆ ಸಿಕ್ಕಿದರೆ ಪಟಿಕ ಕರಗಿಹೋಗಿ ಚರ್ಮ ಮತ್ತೆ ಹಸಿ ತೊಗಲಿನಂತೆ ಸೆಟೆಯುತ್ತದೆ. ಇನ್ನೊಂದು ಸಂಗತಿ ಕೇಳಿದರೆ ಮುಖ ಸಿಂಡರಿಸಬೇಕಾಗುತ್ತದೆ. ಶ್ರೀಮಂತ ಹೆಂಗಸರ ಆ ನಯವಾದ ಕೈಗವಸಿನ ಚರ್ಮವನ್ನು ಮೆತ್ತಗಾಗಿಸಲು ಶತಮಾನಗಳ ಕಾಲ ಬಳಸಿದ್ದು ನಾಯಿಯ ಹೇಲನ್ನು. ಅದರಲ್ಲಿ ಕೆಲಸ ಮಾಡುವುದು ಕಿಣ್ವವೆಂದು ಕಂಡುಕೊಂಡು ಜರ್ಮನಿಯ ಓಟ್ಟೊ ರೋಮ್ 1907ರ ಸುಮಾರಿಗೆ ಬದಲಿ ಪುಡಿಯನ್ನು ತಯಾರಿಸಿದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು. ಮೈಲಿಗೆಯ ಮಾತಾಡುವವರು ಗವಸು ತೊಟ್ಟ ಕೈಗಳನ್ನು ಕುಲುಕುವಾಗ ಇದನ್ನು ಯೋಚಿಸಿರಲಾರರು.

ಇನ್ನು ಕೈಗವಸು ಮಾಡುವ ಬಗೆ. ಕೈಯಷ್ಟು ತೊಡಕಿನ ಅಂಗ ದೇಹದಲ್ಲಿ ಇನ್ನೊಂದಿಲ್ಲ. ಕಾಲು ಎಕ್ಕಡದ ಮೇಲೆ ಸುಮ್ಮನೆ ನಿಲ್ಲುತ್ತದೆ. ಕೈ ಮುಚ್ಚುತ್ತದೆ, ತೆರೆಯುತ್ತದೆ, ತಿರುಗುತ್ತದೆ, ಹಿಡಿಯುತ್ತದೆ. ಅಂಗೈ ಮಡಿಚಿದಾಗ ಗವಸಿನ ಅಡ್ಡಗಲ ಹಿಗ್ಗಬೇಕು. ಉದ್ದ ಮಾತ್ರ ಹಿಗ್ಗಬಾರದು. ಹಿಗ್ಗಿದರೆ ಬೆರಳ ತುದಿಯಲ್ಲಿ ಖಾಲಿ ಚೀಲ ಜೋತಾಡುತ್ತದೆ. ಚರ್ಮ ಎರಡು ಕಡೆಗೂ ಹಿಗ್ಗುವ ವಸ್ತು. ಆದ್ದರಿಂದ ಕಲಿಯುವವನು ಮೊದಲು ಕಲಿಯಬೇಕಾದ್ದು ಕತ್ತರಿ ಹಿಡಿಯುವುದನ್ನಲ್ಲ, ಚರ್ಮ ಎಳೆಯುವುದನ್ನು. ಒದ್ದೆ ಬಟ್ಟೆಯ ನಡುವೆ ಇಟ್ಟು ತೇವ ಹಿಡಿಸಿದ ಚರ್ಮವನ್ನು ಮೇಜಿನ ಅಂಚಿಗೆ ಹಾಕಿ ಉದ್ದಕ್ಕೆ ಜಗ್ಗುತ್ತಾರೆ. ಉದ್ದದ ಹಿಗ್ಗೆಲ್ಲ ಮೇಜಿನ ಮೇಲೇ ತೀರಿಹೋಗಬೇಕು, ಅಡ್ಡದ ಹಿಗ್ಗು ಉಳಿಯಬೇಕು. ಎಷ್ಟು ಎಳೆದರೆ ಸಾಕು ಎಂಬುದಕ್ಕೆ ಅಳತೆಗೋಲಿಲ್ಲ. ಬೆನ್ನಿನ ಭಾಗ ಒಂದು ಥರ, ಹೊಟ್ಟೆಯ ಭಾಗ ಇನ್ನೊಂದು ಥರ. ಒಂದು ಕುರಿಯದು ಇನ್ನೊಂದರಂತಲ್ಲ. ಈ ಅಂದಾಜು ಬೆರಳಿಗೆ ಬರಲು ವರ್ಷಗಳು ಹಿಡಿಯುತ್ತವೆ. ಯೂರೋಪಿನ ಹಳೆಯ ಗವಸಿನ ಊರುಗಳಲ್ಲಿ ಹೊಲಿಯುವವರಿಗಿಂತ ಕತ್ತರಿಸುವವನಿಗೆ ಹೆಚ್ಚು ಮರ್ಯಾದೆ, ಹೆಚ್ಚು ಕೂಲಿ ಇದ್ದದ್ದು ಇದರಿಂದಲೇ. ಹೊಲಿಯುತ್ತಿದ್ದವರು ಬಹುಮಟ್ಟಿಗೆ ಮನೆಯಲ್ಲಿ ಕುಳಿತ ಹೆಂಗಸರು. ಅವರಿಗೆ ಸಿಗುತ್ತಿದ್ದುದು ಡಜನ್ ಲೆಕ್ಕದ ಬಿಡಿಗಾಸು. ನಮ್ಮ ಬೀಡಿ ಕಟ್ಟುವವರನ್ನು ನೆನೆದರೆ ಚಿತ್ರ ಸ್ಪಷ್ಟವಾಗುತ್ತದೆ.

ಅಳತೆಯಲ್ಲಿ ಶಿಸ್ತು ತಂದವನು ಫ್ರಾನ್ಸಿನ ಗ್ರೆನೋಬಲ್ ಊರಿನ ಗ್ಸೇವಿಯೆ ಜೂವೆಂ. ಬಗೆಬಗೆಯ ಕೈಗಳನ್ನು ಅಳೆದು 1834ರಲ್ಲಿ ಸಂಖ್ಯೆಗಳ ಕ್ರಮವೊಂದನ್ನು ರೂಪಿಸಿದ. 1838ರಲ್ಲಿ ಒಂದೇ ಏಟಿಗೆ ಗವಸಿನ ಆಕಾರ ಕತ್ತರಿಸುವ ‘ಕಬ್ಬಿಣದ ಕೈ’ ಎಂಬ ಅಚ್ಚನ್ನು ತಂದ. ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆಯನ್ನು ಹಳೆಯ ಫ್ರೆಂಚ್ ಅಂಗುಲದಲ್ಲಿ ಅಳೆದ ಸಂಖ್ಯೆಯೇ ಇಂದಿಗೂ ಗವಸಿನ ನಂಬರು. ಆ ಅಂಗುಲ ನಮ್ಮ ಅಂಗುಲಕ್ಕಿಂತ ಸ್ವಲ್ಪ ದೊಡ್ಡದು, ಸುಮಾರು 27 ಮಿಲಿಮೀಟರ್. ಎಂಟು ನಂಬರಿನ ಗವಸು ಎಂದರೆ ಸುಮಾರು 21.6 ಸೆಂಟಿಮೀಟರ್ ಸುತ್ತಳತೆಯ ಕೈಗೆ.

ಒಂದು ಗವಸಿನಲ್ಲಿ ಹಲವು ತುಂಡುಗಳು. ಅಂಗೈ ಮತ್ತು ಮುಂಗೈ ಸೇರಿದ ಒಂದು ದೊಡ್ಡ ತುಂಡು. ಅದನ್ನು ತೋರುಬೆರಳಿನ ಅಥವಾ ಕಿರುಬೆರಳಿನ ಬದಿಗೆ ಮಡಿಸುತ್ತಾರೆ. ಬೆರಳುಗಳ ಮೂರು ಸಂದುಗಳಿಗೆ, ಬೆರಳಿಗೆ ದಪ್ಪ ಕೊಡಲು, ಸಂದಿಗೆ ಎರಡರಂತೆ ಆರು ಉದ್ದ ಪಟ್ಟಿಗಳು. ಎರಡನ್ನೂ ಸೇರಿಸಿ ಒಂದೇ ತುಂಡಾಗಿ ಕತ್ತರಿಸುವವರೂ ಇದ್ದಾರೆ. ಒಳ್ಳೆಯ ಗವಸಾದರೆ ಸಂದಿನ ಬುಡದಲ್ಲಿ ಕಡಲೆಬೇಳೆಗಿಂತ ತುಸು ದೊಡ್ಡದಾದ ಚೌಕದ ಚೂರು ಬೇರೆ. ಬೆರಳು ಅಗಲಿಸಿದಾಗ ಹೊಲಿಗೆ ಕಿತ್ತುಬರದಂತೆ ಕಾಯುವುದು ಆ ಚೂರೇ. ಎಲ್ಲದಕ್ಕಿಂತ ಕಷ್ಟ ಹೆಬ್ಬೆರಳಿನದು. ಉಳಿದ ನಾಲ್ಕು ಬೆರಳು ಒಂದೇ ದಿಕ್ಕಿಗೆ ನಿಂತಿದ್ದರೆ ಇದೊಂದು ಅಡ್ಡ ತಿರುಗಿ ಅವುಗಳ ಎದುರಿಗೆ ಬಂದು ನಿಲ್ಲುತ್ತದೆ. ಹೆಬ್ಬೆರಳ ತುಂಡನ್ನು ದುಂಡಗಿನ ತೂತಿಗೆ ಸುತ್ತಿ ಕೂಡಿಸುವಾಗ ಒಂದು ನೂಲಿನಷ್ಟು ವಾಲಿದರೂ ತೊಟ್ಟವನ ಕೈ ಇಡೀ ದಿನ ಜಗ್ಗಿದಂತಿರುತ್ತದೆ. ಕಲಿಯುವವರು ಹೆಚ್ಚಾಗಿ ಸೋಲುವ ಜಾಗ ಇದು.

ಕೈಹೊಲಿಗೆಗೆ ಬೇಕಾದ ಸೂಜಿಯ ಮೊನೆ ದುಂಡಗಿರುವುದಿಲ್ಲ. ಮೂರು ಅಲಗಿನ ತ್ರಿಕೋನ. ಬಟ್ಟೆಯ ಸೂಜಿ ಎಳೆಗಳ ನಡುವೆ ಸಂದು ಮಾಡಿಕೊಂಡು ಹೋಗುತ್ತದೆ. ಚರ್ಮದಲ್ಲಿ ಎಳೆಯೇ ಇಲ್ಲವಾದ್ದರಿಂದ ಕುಯ್ದುಕೊಂಡೇ ಹೋಗಬೇಕು. ಮೆಟ್ಟು ಹೊಲಿಯುವವನು ಉಳಿಯಿಂದ ತೂತು ಮಾಡಿ ಮೇಣ ಹಚ್ಚಿದ ದಾರವನ್ನು ಎರಡು ಕಡೆಯಿಂದ ಎಳೆಯುವ ಹೊಲಿಗೆಗೂ ಇದಕ್ಕೂ ಅಜಗಜಾಂತರ. ಅಲ್ಲಿ ಬಲ ಮುಖ್ಯ, ಇಲ್ಲಿ ಸಮತೆ. ಹೊಲಿಗೆಗಳ ನಡುವಿನ ಅಂತರ ಒಂದೇ ಸಮ ಬರಲೆಂದು 1807ರಲ್ಲಿ ಇಂಗ್ಲೆಂಡಿನ ಜೇಮ್ಸ್ ವಿಂಟರ್ ಒಂದು ಸಾಧನ ಮಾಡಿದ. ಕಾಲಿನಿಂದ ಒತ್ತಿದರೆ ಬಾಯಿ ತೆರೆಯುವ ಹಿಡಿಕೆ. ಅದರ ಹಿತ್ತಾಳೆಯ ತುಟಿಗಳಲ್ಲಿ ಬಾಚಣಿಗೆಯಂತೆ ಹಲ್ಲುಗಳು. ಎರಡು ತುಂಡು ಚರ್ಮವನ್ನು ಆ ಬಾಯಿಗೆ ಕಚ್ಚಿಸಿ, ಒಂದೊಂದು ಹಲ್ಲಿನ ಸಂದಿಗೆ ಒಂದೊಂದು ಹೊಲಿಗೆ ಹಾಕುತ್ತ ಹೋದರಾಯಿತು. ಅದಕ್ಕೆ ಅವರಿಟ್ಟ ಹೆಸರು ‘ಕತ್ತೆ’. ಹೇಳಿದಷ್ಟು ಹೊತ್ತು ಅಲುಗಾಡದೆ ನಿಂತಿರುತ್ತದೆ ಎಂಬುದಕ್ಕಿರಬೇಕು.

ಯಂತ್ರದ ಹೊಲಿಗೆಯ ಮಾತಿಗೆ ಬಂದರೆ ಮದ್ದೂರು, ಮಂಡ್ಯ ಕಡೆಯ ಹೆಣ್ಣುಮಕ್ಕಳು ನೆನಪಾಗುತ್ತಾರೆ. ಈ ಭಾಗದ ಹಳ್ಳಿಗಳಿಂದ ಬೆಳಗಾಗುತ್ತಲೇ ಗಾರ್ಮೆಂಟ್ ಕಾರ್ಖಾನೆಗಳಿಗೆ ವ್ಯಾನು ಹತ್ತುವವರು ಬಹಳ ಮಂದಿ. ಅಂಗಿಯ ಕಾಲರು, ಪ್ಯಾಂಟಿನ ಜೇಬು ಹೊಲಿದು ಪಳಗಿದ ಕೈಗಳಿಗೆ ಗವಸು ಸುಲಭವಾಗಬೇಕಲ್ಲವೇ ಎನಿಸುತ್ತದೆ. ಯಂತ್ರ ಓಡಿಸುವ ಧೈರ್ಯ, ಕಾಲು ಮತ್ತು ಕೈಯ ಹೊಂದಾಣಿಕೆ ಇವು ಉಪಯೋಗಕ್ಕೆ ಬರುವುದು ನಿಜ. ಆದರೆ ಕೆಲವು ಅಭ್ಯಾಸಗಳನ್ನು ಮರೆಯಲೇಬೇಕು. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು; ಚರ್ಮದಲ್ಲಿ ಸೂಜಿ ಮಾಡಿದ ತೂತು ಮುಚ್ಚುವುದಿಲ್ಲ. ಗುಂಡುಸೂಜಿ ಚುಚ್ಚುವಂತಿಲ್ಲ, ಅಂಟಿನಿಂದಲೋ ಕ್ಲಿಪ್ಪಿನಿಂದಲೋ ಹಿಡಿಸಬೇಕು. ಗಟ್ಟಿಯಾಗಲೆಂದು ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದರೆ ಅಂಚೆಚೀಟಿಯ ಅಂಚಿನಂತೆ ಆ ಸಾಲಿನಲ್ಲೇ ಚರ್ಮ ಹರಿದುಕೊಳ್ಳುತ್ತದೆ. ಮಾಮೂಲಿ ಯಂತ್ರದ ಒತ್ತುಪಾದಕ್ಕೆ ಚರ್ಮ ಅಂಟಿಕೊಂಡು ಮೇಲಿನ ಪದರ ಹಿಂದುಳಿಯುತ್ತದೆ, ಕೆಳಗಿನದು ಮುಂದೋಡುತ್ತದೆ. ಅದಕ್ಕೆ ಚಕ್ರದ ಪಾದವೋ ಟೆಫ್ಲಾನಿನ ಪಾದವೋ ಬೇಕು. ಎರಡು ಪದರ ಕೂಡುವ ಕಡೆ ದಪ್ಪ ಏರದಂತೆ ಅಂಚನ್ನು ರಂಪಿಗೆಯಿಂದಲೋ ಯಂತ್ರದಿಂದಲೋ ತೆಳುವಾಗಿ ಸವರಬೇಕು. ಮೇಲಾಗಿ, ಬಟ್ಟೆಯನ್ನು ಸಾಮಾನ್ಯವಾಗಿ ಹಾಸಿ ಹೊಲಿಯುತ್ತಾರೆ. ಬೆರಳಿನ ತುದಿಯನ್ನು ಹಾಸಲಾಗದು. ಅದಕ್ಕೆಂದೇ ಗವಸಿನ ಯಂತ್ರಗಳಲ್ಲಿ ಮೇಜಿನ ಬದಲು ಕಂಬದಂಥ ಕಿರಿದಾದ ತೋಳಿರುತ್ತದೆ. ಬೆರಳ ಚೀಲ ಅದರ ಸುತ್ತ ತಿರುಗುತ್ತದೆ. ಹೊಲಿದು ಮುಗಿದ ಗವಸನ್ನು ಬಿಸಿಯಾದ ಲೋಹದ ಹಸ್ತಕ್ಕೆ ತೊಡಿಸಿ ಸುಕ್ಕು ಬಿಡಿಸಿದ ಮೇಲೆ ಕೆಲಸ ಪೂರೈಸಿದಂತೆ. ತೆಳು ಉಡುಪಿನ ಗವಸಿನ ಚರ್ಮದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಚಿಕ್ಕ ಕುರಿಯ ಒಂದು ಚರ್ಮದಿಂದ ಬರುವುದು ಸಾಮಾನ್ಯವಾಗಿ ಒಂದೇ ಜೊತೆ.

ಈ ನಾಡಿನಲ್ಲಿ ಚರ್ಮದ ಗವಸನ್ನು ದಿನವೂ ತೊಡುವವನು ವೆಲ್ಡರ್. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರಿನಲ್ಲಿ ಟ್ರಾಕ್ಟರ್ ಟ್ರೈಲರ್ ಕಟ್ಟುವ, ಗೇಟು ಕಿಟಕಿ ಮಾಡುವ, ಆಲೆಮನೆಯ ಗಾಣ ರಿಪೇರಿ ಮಾಡುವ ವರ್ಕ್‌ಶಾಪುಗಳು ಬೇಕಾದಷ್ಟು. ಅಲ್ಲಿನ ಗವಸು ಕುರಿಯದಲ್ಲ. ದನ ಅಥವಾ ಎಮ್ಮೆಯ ದಪ್ಪ ಚರ್ಮವನ್ನು ಯಂತ್ರದಲ್ಲಿ ಅಡ್ಡಕ್ಕೆ ಸೀಳಿದಾಗ ಸಿಗುವ ಕೆಳಪದರದ್ದು. ಮೇಲಿನ ನಯವಾದ ಪದರ ಬೂಟಿಗೆ, ಬ್ಯಾಗಿಗೆ. ಒರಟಾದ ಕೆಳಪದರ ಗವಸಿಗೆ. ಇವುಗಳ ನಕ್ಷೆಯೂ ಸರಳ. ಕಿಡಿ ಬಿದ್ದರೂ ಚರ್ಮ ಪ್ಲಾಸ್ಟಿಕ್ಕಿನಂತೆ ಕರಗಿ ಮೈಗೆ ಅಂಟಿಕೊಳ್ಳುವುದಿಲ್ಲ, ಕರಿಕಾಗಿ ಸುರುಟುತ್ತದೆ. ಮೊದಲು ಸುಟ್ಟುಹೋಗುವುದು ದಾರ. ಅದಕ್ಕೆ ಒಳ್ಳೆಯ ಗವಸಿನಲ್ಲಿ ಕೆವ್ಲಾರ್ ದಾರ ಹಾಕಿ, ಹೊಲಿಗೆಯ ಮೇಲೆ ಚರ್ಮದ ಸಣ್ಣ ಪಟ್ಟಿ ಕೂಡಿಸಿರುತ್ತಾರೆ. ಅಗ್ಗದ ಗವಸಿನಲ್ಲಿ ಎರಡೂ ಇರುವುದಿಲ್ಲ. ಕೆಲವೇ ವಾರಗಳಲ್ಲಿ ಬೆರಳ ಸಂದು ಬಾಯಿಬಿಟ್ಟು ಕಿಡಿ ಒಳಗಿಳಿಯುತ್ತದೆ. ಅಲ್ಲಿಗೆ ಬಹಳಷ್ಟು ಹುಡುಗರು ಗವಸನ್ನೇ ಬಿಸಾಕಿ ಬರಿಗೈಯಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ.

ಕಬ್ಬು ಕಡಿಯುವವರಿಗೂ ಗವಸು ಕೊಡಬಾರದೇಕೆ ಎಂಬ ಪ್ರಶ್ನೆ ಬರುವುದುಂಟು. ಕಬ್ಬಿನ ಗರಿಯ ಅಂಚು ಗರಗಸದಂತಿದ್ದು ಕೈಯೆಲ್ಲ ಗೀರುತ್ತದೆ, ನಿಜ. ಆದರೆ ಬಿಸಿಲಿನಲ್ಲಿ ಬೆವೆತ ಕೈಗೆ ದಪ್ಪ ಚರ್ಮ ತೊಡಿಸಿದರೆ ಮಚ್ಚಿನ ಹಿಡಿತ ಜಾರುತ್ತದೆ; ಗೀರಿಗಿಂತ ಆ ಅಪಾಯ ದೊಡ್ಡದು. ಪಕ್ಕದ ರಾಮನಗರದಲ್ಲಿ ಬಿಸಿನೀರಿನಿಂದ ರೇಷ್ಮೆಗೂಡಿನ ಎಳೆ ಎತ್ತುವವರ ಬೆರಳು ಹುಣ್ಣಾಗುವುದಕ್ಕೂ ಚರ್ಮದ ಗವಸು ಮದ್ದಲ್ಲ. ನವಿರಾದ ಎಳೆಯ ತುದಿ ಬರಿ ಬೆರಳಿಗಷ್ಟೇ ತಿಳಿಯುತ್ತದೆ.

ಭಾರತದಲ್ಲಿ ಕೆಲಸದ ಗವಸುಗಳ ದೊಡ್ಡ ಕೇಂದ್ರ ಕಲ್ಕತ್ತ. ಕ್ರಿಕೆಟ್ ಗವಸಿನ ಊರುಗಳು ಮೀರತ್ ಮತ್ತು ಜಲಂಧರ. ಕರ್ನಾಟಕದ ಪಾಲು ಇದರಲ್ಲಿ ಕಡಿಮೆ. ಹದ ಮಾಡುವ ಉದ್ಯಮಕ್ಕೆ ತಗಲಿದ ಕಳಂಕವನ್ನೂ ಇಲ್ಲಿ ಹೇಳಬೇಕು. ತಮಿಳುನಾಡಿನ ವೆಲ್ಲೂರು ಸೀಮೆಯಲ್ಲಿ ಪಾಲಾರ್ ನದಿಯನ್ನೂ ಬಾವಿಗಳನ್ನೂ ಟ್ಯಾನರಿಗಳ ನೀರು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ನೀಡಿದ ತೀರ್ಪು, ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ನಮ್ಮ ಕಾನೂನಿನಲ್ಲಿ ನೆಲೆಗೊಳಿಸಿತು. ಅದೇ ವರ್ಷದ ಇನ್ನೊಂದು ಆದೇಶದಂತೆ ಕಲ್ಕತ್ತದ ಟ್ಯಾನರಿಗಳು ನಗರದಾಚೆಯ ಬಾಂಟಾಲಾ ಕಡೆಗೆ ಹೊರಡಬೇಕಾಯಿತು. ಹದ ಮಾಡುವಾಗ ಬಳಸುವ ಕ್ರೋಮಿಯಂ ನಿರಪಾಯದ ರೂಪದ್ದಾದರೂ, ಹದ ಕೆಟ್ಟರೆ ಅದು ವಿಷದ ರೂಪಕ್ಕೆ ತಿರುಗಬಲ್ಲದು. ಮೈಗೆ ತಾಗುವ ಚರ್ಮದ ಸಾಮಾನಿನಲ್ಲಿ ಇದು ಕಿಲೋಗೆ 3 ಮಿಲಿಗ್ರಾಂ ಮೀರಬಾರದೆಂದು ಯೂರೋಪಿಯನ್ ಒಕ್ಕೂಟ 2015ರಿಂದ ಕಟ್ಟಳೆ ಮಾಡಿದೆ. ಮಾರಾಟಕ್ಕೆ ಹೊರಡುವ ಗವಸಿಗೆ ಹೊಲಿಗೆಯಷ್ಟೇ ಈ ಪರೀಕ್ಷೆಯೂ ಮುಖ್ಯ.

ಕರ್ನಾಟಕದಲ್ಲಿ ಚರ್ಮದ ಕಸುಬುದಾರರಿಗೆಂದೇ 1976ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಲಿಡ್‌ಕರ್. ಈಗ ಅದಕ್ಕೆ ಬಾಬು ಜಗಜೀವನರಾಂ ಅವರ ಹೆಸರಿದೆ. ಅದು ಹೆಚ್ಚು ಒತ್ತು ಕೊಟ್ಟದ್ದು ಪಾದರಕ್ಷೆ, ಬೆಲ್ಟು, ಬ್ಯಾಗುಗಳಿಗೆ. ಚರ್ಮದ ಶಾಸ್ತ್ರಕ್ಕೆ ಚೆನ್ನೈಯಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಗವಸಿನ ಕೆಲಸಕ್ಕೆ ದೊಡ್ಡ ಬಂಡವಾಳ ಬೇಡ. ಸುಣ್ಣದ ಗುಂಡಿಯೂ ವಾಸನೆಯೂ ಇಲ್ಲ. ಹದವಾದ ಚರ್ಮ ತಂದು ಕತ್ತರಿಸಿ ಹೊಲಿದರೆ ಆಯಿತು. ಹಾಗಿದ್ದೂ ಚರ್ಮ ಎಂಬ ಹೆಸರು ಕೇಳಿದೊಡನೆ ಒಂದು ಜಾತಿಯ ಮಕ್ಕಳನ್ನೇ ತರಬೇತಿಗೆ ಕರೆಯುವ, ಬೇರೆಯವರು ದೂರ ನಿಲ್ಲುವ ಅಭ್ಯಾಸ ಎಲ್ಲೆಡೆ ಇದೆ. ಗಾರ್ಮೆಂಟ್ ಯಂತ್ರದ ಮುಂದೆ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಸಾಲಾಗಿ ಕುಳಿತಿರುವಾಗ ಅದೇ ಯಂತ್ರದಲ್ಲಿ ಬಟ್ಟೆಯ ಬದಲು ಚರ್ಮ ಹಾಕಿದೊಡನೆ ಸಾಲು ಒಡೆಯಬೇಕಾದ ಕಾರಣ ಹೊಲಿಗೆಯ ಶಾಸ್ತ್ರದಲ್ಲಂತೂ ಸಿಗುವುದಿಲ್ಲ.

ಕಲಿಕೆ ಶುರುವಾಗುವುದು ಯಾವಾಗಲೂ ಕೆಟ್ಟ ಚರ್ಮದಿಂದ. ಚಾಕು ತಾಗಿದ, ಮುಳ್ಳು ಗೀರಿದ, ಮಾರಾಟಕ್ಕೆ ಬಾರದ ತುಂಡುಗಳನ್ನು ಕೊಟ್ಟು ಮೊದಲು ನೇರ ಸಾಲು ಹೊಲಿಸುತ್ತಾರೆ, ಆಮೇಲೆ ಬೆರಳ ತುದಿಯ ತಿರುವು, ಕೊನೆಗೆ ಹೆಬ್ಬೆರಳು. ಬಟ್ಟೆ ಹೊಲಿದು ಬಂದವರೂ ಸೇರಿದಂತೆ ಹೊಸಬರು ಮಾಡುವ ಒಂದು ತಪ್ಪಂತೂ ಎಲ್ಲ ಕಡೆಯೂ ಒಂದೇ. ಚರ್ಮಕ್ಕೆ ಮೇಲ್ಮೈ ಒಳಮೈ ಬೇರೆ ಬೇರೆ ಎಂಬುದನ್ನು ಮರೆತು, ಕಾಗದದ ನಕ್ಷೆಯನ್ನು ಮಗುಚಿ ಹಾಕದೆ ಎರಡು ಸಲ ಹಾಗೆಯೇ ಗೆರೆ ಎಳೆದು ಕತ್ತರಿಸುತ್ತಾರೆ. ಹೊಲಿದು ತಿರುವಿ ನೋಡಿದಾಗ ಎರಡೂ ಎಡಗೈಯವೇ ಆಗಿರುತ್ತವೆ.